ನಗರದ ನಡುವಿನ ಪಾರ್ಕುಗಳು ಮತ್ತು ಸಾರ್ವಜನಿಕ ಜಾಗಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಗರದ ನಡುಭಾಗ ಅಂದರೆ ಕಚೇರಿ, ಅಂಗಡಿ, ಬಸ್ ನಿಲ್ದಾಣ, ಕೋರ್ಟು, ಆಸ್ಪತ್ರೆ ಎಲ್ಲ ಒತ್ತೊತ್ತಾಗಿ ಇರುವ ಜಾಗ. ಅಲ್ಲಿ ಒಂದು ತುಂಡು ನೆಲ ಖಾಲಿ ಉಳಿದರೂ ಅದರ ಮೇಲೆ ಹತ್ತು ಜನರ ಕಣ್ಣು. ಪಾರ್ಕಿನ ಮಾತು ಬಂದಾಗಲೆಲ್ಲ ಜನ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಉತ್ತರ ಬರೆಯುವಾಗ ಒಂದೇ ಅಳತೆಗೋಲು ಇಟ್ಟುಕೊಂಡಿದ್ದೇನೆ: ಜೇಬಿನಲ್ಲಿ ದುಡ್ಡಿಲ್ಲದ, ಕಾಲು ಸೋತ ಮನುಷ್ಯ ಇಲ್ಲಿ ಅರ್ಧ ಗಂಟೆ ಸುಮ್ನೆ ಕೂರಬಹುದೇ?

ಊರ ಹೊರಗೆ ದೊಡ್ಡ ಪಾರ್ಕು ಇದ್ದರೆ ಸಾಲದೇ? ದುಬಾರಿ ಜಾಗದಲ್ಲೇ ಯಾಕೆ ಬೇಕು?

ಸಾಲದು. ದೊಡ್ಡ ಪಾರ್ಕು ರಜೆಯ ದಿನಕ್ಕೆ. ನಗರದ ನಡುವೆ ಬೇಕಾಗಿರುವುದು ಕೆಲಸದ ದಿನದ ಇಪ್ಪತ್ತು ನಿಮಿಷಕ್ಕೆ.

ಹತ್ತೊಂಬತ್ತನೇ ಶತಮಾನದಲ್ಲಿ ಕಾರ್ಖಾನೆಗಳ ಹೊಗೆಯಿಂದ ಊರುಗಳು ಉಸಿರುಗಟ್ಟಿದಾಗ ಸಾರ್ವಜನಿಕ ಪಾರ್ಕಿನ ಯೋಚನೆ ಬಲವಾಯಿತು. ಇಂಗ್ಲೆಂಡಿನ ಬರ್ಕನ್‌ಹೆಡ್ ಪಾರ್ಕ್ 1847ರಲ್ಲಿ ಜನರಿಗೆ ತೆರೆಯಿತು. ಅದು ಸಾರ್ವಜನಿಕರ ಹಣದಲ್ಲಿ, ಸಾರ್ವಜನಿಕರಿಗಾಗಿಯೇ ಕಟ್ಟಿದ ಪಾರ್ಕು. ಅದನ್ನು ನೋಡಿ ಬಂದಿದ್ದ ಫ್ರೆಡರಿಕ್ ಲಾ ಓಮ್‌ಸ್ಟೆಡ್, ಮುಂದೆ ಕ್ಯಾಲ್ವರ್ಟ್ ವಾಕ್ಸ್ ಜೊತೆ ಸೇರಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ರೂಪಿಸಿದರು. ಅದರ ವಿಸ್ತೀರ್ಣ 843 ಎಕರೆ. ಅಷ್ಟು ದೊಡ್ಡ ಪಾರ್ಕು ಇದ್ದೂ ಅದೇ ನಗರಕ್ಕೆ ಕಚೇರಿಗಳ ನಡುವೆ ಸಣ್ಣ ಸಣ್ಣ ಚೌಕಗಳು ಬೇಕೆನಿಸಿತು. ಯಾಕೆ? ಊಟದ ಬಿಡುವಿನಲ್ಲಿ ಯಾರೂ ಎರಡು ಮೈಲಿ ನಡೆಯುವುದಿಲ್ಲ. ಐದು ನಿಮಿಷ ನಡೆದರೆ ಸಿಗಬೇಕು. ಇಲ್ಲದಿದ್ದರೆ ಆ ಪಾರ್ಕು ಅವರ ಪಾಲಿಗೆ ಇಲ್ಲ ಅಂತಲೇ ಲೆಕ್ಕ.

ಇನ್ನೊಂದು ವಿಷಯ. ನಡುಭಾಗದಲ್ಲಿ ಹಗಲು ಓಡಾಡುವವರಲ್ಲಿ ಹೆಚ್ಚಿನವರ ಮನೆ ಅಲ್ಲಿರುವುದಿಲ್ಲ. ಆಸ್ಪತ್ರೆಯಲ್ಲಿ ರೋಗಿಯನ್ನು ಬಿಟ್ಟು ಹೊರಗೆ ಕಾಯುವವರು, ಕಚೇರಿಯಲ್ಲಿ 'ಮಧ್ಯಾಹ್ನ ಬನ್ನಿ' ಅನ್ನಿಸಿಕೊಂಡವರು, ಸಾಮಾನು ತಲುಪಿಸಿ ಮುಂದಿನ ಕರೆಗೆ ಕಾಯುವ ಹುಡುಗರು. ಇವರಿಗೆ ಹೋಗಿ ಕಾಲು ಚಾಚಲು ಮನೆ ಹತ್ತಿರ ಇಲ್ಲ. ಪಾರ್ಕಿನ ಅಗತ್ಯ ಎಲ್ಲರಿಗಿಂತ ಜಾಸ್ತಿ ಇವರಿಗಿದೆ.

ಸಾರ್ವಜನಿಕ ಜಾಗ ಅಂದರೆ ಪಾರ್ಕು ಮಾತ್ರವೇ?

ಇಲ್ಲ. ಚೌಕ, ಫುಟ್‌ಪಾತ್, ಗ್ರಂಥಾಲಯದ ಮೆಟ್ಟಿಲು, ಬಸ್ ತಂಗುದಾಣ, ವಾಹನ ಬಿಡದ ಬೀದಿ, ಸೇತುವೆಯ ಕೆಳಗಿನ ಖಾಲಿ ಜಾಗ, ಎಲ್ಲವೂ ಅದೇ. ಲೆಕ್ಕ ಹಾಕಿ ನೋಡಿದರೆ ಬಹುತೇಕ ಊರುಗಳಲ್ಲಿ ರಸ್ತೆ ಮತ್ತು ಫುಟ್‌ಪಾತ್ ಹಿಡಿದಿರುವ ನೆಲ ಪಾರ್ಕುಗಳಿಗಿಂತ ಎಷ್ಟೋ ಜಾಸ್ತಿ. ಹಾಗಾಗಿ 'ನಮ್ಮಲ್ಲಿ ಪಾರ್ಕಿಗೆ ಜಾಗವೇ ಇಲ್ಲ' ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನೆಲ ಇದೆ. ಅದರ ಮೇಲೆ ಕಾರು ನಿಂತಿದೆ.

ಮಾಲ್‌ ಒಳಗಿನ ಅಂಗಳ ಸಾರ್ವಜನಿಕವಾಗಿ ಕಾಣುತ್ತದೆ, ಆದರೆ ಅಲ್ಲಿ ನಿಮ್ಮನ್ನು ಎಬ್ಬಿಸಿ ಕಳಿಸುವ ಅಧಿಕಾರ ಮಾಲೀಕನ ಕೈಯಲ್ಲಿದೆ. ಅದು ಬೇರೆ ಮಾತು.

ಪಾರ್ಕು ಎಷ್ಟು ದೊಡ್ಡದಿರಬೇಕು?

ಈ ಪ್ರಶ್ನೆಗೆ ನನಗೆ ಪೇಲಿ ಪಾರ್ಕ್ ನೆನಪಾಗುತ್ತದೆ. ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್‌ನಲ್ಲಿ, ಎರಡು ಎತ್ತರದ ಕಟ್ಟಡಗಳ ನಡುವೆ ಇದೆ. 1967ರಲ್ಲಿ ತೆರೆಯಿತು. ವಿಸ್ತೀರ್ಣ ಸುಮಾರು 4,200 ಚದರಡಿ. ಅಂದರೆ ಒಂದು ಎಕರೆಯ ಹತ್ತನೇ ಒಂದು ಭಾಗದಷ್ಟೂ ಇಲ್ಲ!

ಅಲ್ಲಿ ಇರುವುದೇನು? ಹಿಂದಿನ ಗೋಡೆಯ ಮೇಲೆ 20 ಅಡಿ ಎತ್ತರದಿಂದ ಬೀಳುವ ನೀರು. ತೆಳ್ಳನೆ ಎಲೆಯ ಒಂದಿಷ್ಟು ಮರ. ಎತ್ತಿ ಆಚೀಚೆ ಇಟ್ಟುಕೊಳ್ಳಬಹುದಾದ ಹಗುರ ಕುರ್ಚಿ, ಮೇಜು. ಪಕ್ಕದ ಗೋಡೆಗಳ ಮೇಲೆ ಹಬ್ಬಿದ ಬಳ್ಳಿ. ಅಷ್ಟೇ. ಬೀಳುವ ನೀರಿನ ಸದ್ದಿನಲ್ಲಿ ರಸ್ತೆಯ ಗದ್ದಲ ಮುಳುಗಿ ಹೋಗುತ್ತದೆ. ಪಕ್ಕದ ಮೇಜಿನವರ ಮಾತೂ ನಿಮಗೆ ಕೇಳುವುದಿಲ್ಲ, ನಿಮ್ಮ ಮಾತು ಅವರಿಗೆ ಕೇಳುವುದಿಲ್ಲ. ಗುಂಪಿನ ನಡುವೆ ಇದ್ದೂ ಒಬ್ಬರೇ ಇದ್ದ ಹಾಗೆ. ಇಷ್ಟು ಸಣ್ಣ ಜಾಗ ಐವತ್ತು ವರ್ಷ ದಾಟಿಯೂ ಜನರಿಗೆ ಬೇಕಾಗಿ ಉಳಿದಿದೆ.

ಮಕ್ಕಳು ಓಡಬೇಕು, ಚೆಂಡು ಆಡಬೇಕು ಅಂದರೆ ಮಾತ್ರ ದೊಡ್ಡ ಬಯಲು ಬೇಕು. ಅದಕ್ಕೆ ಸಣ್ಣ ಪಾರ್ಕು ಬದಲಿಯಾಗಲಾರದು.

ಕೆಲವು ಪಾರ್ಕು ಯಾವಾಗಲೂ ತುಂಬಿರುತ್ತವೆ, ಕೆಲವು ಖಾಲಿ ಹೊಡೆಯುತ್ತವೆ. ಯಾಕೆ ಹೀಗೆ?

ಇದನ್ನು ಕಣ್ಣಾರೆ ನೋಡಿ, ಎಣಿಸಿ ಉತ್ತರ ಕಂಡುಕೊಂಡವರು ಅಮೆರಿಕದ ಲೇಖಕ ವಿಲಿಯಂ ವೈಟ್. ಹಿನ್ನೆಲೆ ಹೀಗಿದೆ. 1961ರಲ್ಲಿ ನ್ಯೂಯಾರ್ಕ್ ನಗರ ಒಂದು ನಿಯಮ ತಂದಿತು. ಕಟ್ಟಡದ ಮುಂದೆ ಜನರಿಗಾಗಿ ಬಯಲು ಬಿಟ್ಟುಕೊಟ್ಟ ಮಾಲೀಕರಿಗೆ ಹೆಚ್ಚುವರಿ ಮಹಡಿ ಕಟ್ಟಲು ಅವಕಾಶ. ಮಾಲೀಕರು ಬಯಲು ಬಿಟ್ಟರು, ಮಹಡಿ ಏರಿಸಿದರು. ಆದರೆ ಆ ಬಯಲುಗಳಲ್ಲಿ ಬಹಳಷ್ಟು ಖಾಲಿ ಬಿದ್ದವು. ಜನ ದಾಟಿಕೊಂಡು ಹೋಗುತ್ತಿದ್ದರು, ನಿಲ್ಲುತ್ತಿರಲಿಲ್ಲ.

1970ರ ದಶಕದಲ್ಲಿ ವೈಟ್ ಮತ್ತು ಅವರ ಜೊತೆಗಾರರು ಕ್ಯಾಮೆರಾ ಇಟ್ಟು, ಈ ಚೌಕಗಳನ್ನು ದಿನಗಟ್ಟಲೆ ಚಿತ್ರೀಕರಿಸಿದರು. ಬಿಸಿಲು ಕಾರಣವೇ, ಆಕಾರ ಕಾರಣವೇ, ಅಗಲ ಕಾರಣವೇ ಎಂದು ಒಂದೊಂದನ್ನೇ ಒರೆಗೆ ಹಚ್ಚಿದರು. ಕೊನೆಗೆ ಸಿಕ್ಕ ಉತ್ತರ ಎಷ್ಟು ಸರಳ ಅಂದರೆ, ಕೂರಲು ಜಾಗ ಇರುವಲ್ಲಿ ಜನ ಕೂರುತ್ತಾರೆ. ಚೆಂದದ ಕಲ್ಲುಹಾಸು, ಶಿಲ್ಪ, ಕಾರಂಜಿ ಎಲ್ಲ ಇದ್ದು ಕೂರಲು ಒಂದು ಕಟ್ಟೆ ಇಲ್ಲದಿದ್ದರೆ ಜನ ಯಾಕೆ ಉಳಿಯುತ್ತಾರೆ?

ಅವರು ಕಂಡ ಇನ್ನೊಂದು ಸಂಗತಿ ನನಗೆ ತುಂಬ ಇಷ್ಟ. ಜನರನ್ನು ಎಲ್ಲಕ್ಕಿಂತ ಹೆಚ್ಚು ಸೆಳೆಯುವುದು ಇತರ ಜನರೇ. ಏಕಾಂತ ಬೇಕು ಅನ್ನುವವರೂ ಹೋಗಿ ಕೂರುವುದು ನಾಲ್ಕು ಜನ ಓಡಾಡುವ ಕಡೆಯಲ್ಲೇ. ಪರಿಚಯದವರು ಸಿಕ್ಕರೆ ಪಕ್ಕಕ್ಕೆ ಸರಿದು ಮಾತಾಡುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಇಲ್ಲ, ಓಡಾಟದ ನಡುವೆಯೇ ನಿಂತು ಮಾತಾಡುತ್ತಾರೆ. ನಾಳೆ ಯಾವುದಾದರೂ ಮೂಲೆಯಲ್ಲಿ ನಿಂತು ನೋಡಿ, ನಿಜ ಅನಿಸುತ್ತದೆ.

ಈ ಕೆಲಸದ ಫಲವಾಗಿ ನಗರ ತನ್ನ ನಿಯಮ ತಿದ್ದಿತು. ಬಯಲಿನ ಪ್ರತಿ 30 ಚದರಡಿಗೆ ಒಂದು ಅಡಿ ಉದ್ದದ ಆಸನ ಇರಬೇಕು ಎಂಬ ಲೆಕ್ಕ ಬಂತು. ಯಾವ ಊರಿನವರಾದರೂ ತಮ್ಮ ಚೌಕವನ್ನು ಈ ಲೆಕ್ಕದಲ್ಲಿ ಅಳೆದು ನೋಡಬಹುದು. ಒಂದು ಟೇಪು ಸಾಕು.

ಬೆಂಚು ಎಲ್ಲಿ, ಹೇಗೆ ಹಾಕಬೇಕು?

ಬೆನ್ನಿಗೆ ಆಸರೆ, ಕಣ್ಣಿಗೆ ನೋಟ. ಇದಿಷ್ಟು ಗೊತ್ತಿದ್ದರೆ ಅರ್ಧ ಕೆಲಸ ಆಯಿತು. ಗೋಡೆ, ಗಿಡದ ಸಾಲು ಅಥವಾ ಮರ ಹಿಂದೆ ಇರಬೇಕು. ಮುಂದೆ ಜನ ಓಡಾಡುವುದು ಕಾಣಬೇಕು. ಬಯಲಿನ ನಟ್ಟನಡುವೆ ನಾಲ್ಕೂ ದಿಕ್ಕಿಗೆ ತೆರೆದುಕೊಂಡ ಬೆಂಚಿನಲ್ಲಿ ಯಾರೂ ಹೆಚ್ಚು ಹೊತ್ತು ಕೂರುವುದಿಲ್ಲ.

ಉದ್ದ ಸಾಲಿನಲ್ಲಿ ಹಾಕಿದ ಬೆಂಚು ಒಬ್ಬರಿಗೋ ಇಬ್ಬರಿಗೋ ಸರಿ. ಮೂರು ಜನ ಗೆಳತಿಯರು ಬಂದರೆ ನಡುವಿನವಳು ಕತ್ತು ತಿರುಗಿಸುತ್ತಲೇ ಇರಬೇಕು. ಎರಡು ಬೆಂಚು ಮೂಲೆಯಲ್ಲಿ ಕೂಡುವಂತೆ ಹಾಕಿದರೆ ಮಾತು ಸಲೀಸು. ಆಸನದ ಎತ್ತರ ಸುಮಾರು 45 ಸೆಂಟಿಮೀಟರ್ ಇದ್ದರೆ ಬಹಳ ಜನರಿಗೆ ಹೊಂದುತ್ತದೆ. ಬೆನ್ನು ಒರಗಲು ಹಲಗೆ ಬೇಕು, ಪಕ್ಕದಲ್ಲಿ ಕೈ ಊರಲು ಹಿಡಿ ಬೇಕು. ಮಂಡಿ ನೋವಿರುವವರಿಗೆ ಕೂರುವುದು ಕಷ್ಟವಲ್ಲ, ಏಳುವುದು ಕಷ್ಟ. ನನ್ನ ಅಮ್ಮನ ಜೊತೆ ಪೇಟೆಗೆ ಹೋಗುವಾಗ ಇದು ನನಗೆ ಅರ್ಥವಾಗಿದ್ದು. ಅವರು ಅಂಗಡಿಗಳನ್ನು ನೋಡುತ್ತಿರಲಿಲ್ಲ, ಮುಂದಿನ ಬೆಂಚು ಎಲ್ಲಿದೆ ಅಂತ ನೋಡುತ್ತಿದ್ದರು. ಒಂದು ದಿನ ಹೊಚ್ಚ ಹೊಸ ಚೌಕವೊಂದಕ್ಕೆ ಹೋದೆವು. ಇದ್ದಿದ್ದು ಬರೀ ಮೊಣಕಾಲೆತ್ತರದ ದುಂಡು ಕಲ್ಲುಗಳು. ಅಮ್ಮ ಒಂದರ ಮೇಲೆ ಕೂತರು, ಆಮೇಲೆ ಏಳಲು ನನ್ನ ಎರಡೂ ಕೈ ಹಿಡಿಯಬೇಕಾಯಿತು. ಆ ಚೌಕಕ್ಕೆ ಅವರು ಮತ್ತೆ ಬರಲಿಲ್ಲ.

ಸಾಧ್ಯವಿದ್ದರೆ ಬೆಂಚಿನ ಜೊತೆ ಬಿಡಿ ಕುರ್ಚಿಗಳನ್ನೂ ಇಡಿ. ಬಿಸಿಲು ಸರಿದರೆ ಕುರ್ಚಿಯೂ ಸರಿಯುತ್ತದೆ. ಕೂರುವ ಮುಂಚೆ ಕುರ್ಚಿಯನ್ನು ಒಂದೆರಡು ಇಂಚಾದರೂ ಆಚೀಚೆ ಮಾಡುವುದು ಎಲ್ಲ ಕಡೆ ಕಾಣುವ ಅಭ್ಯಾಸ. 'ಇದು ಸದ್ಯಕ್ಕೆ ನನ್ನ ಜಾಗ' ಅನ್ನುವ ಸಣ್ಣ ಸಮಾಧಾನ ಅದರಲ್ಲಿದೆ.

ಬಿಡಿ ಕುರ್ಚಿ ಇಟ್ಟರೆ ಕದ್ದುಕೊಂಡು ಹೋಗುವುದಿಲ್ಲವೇ?

ಒಂದೆರಡು ಹೋಗಬಹುದು. ಆದರೆ ಇಟ್ಟು ನೋಡಿದ ಕಡೆಗಳಲ್ಲಿ ಕಳವು ಅಂದುಕೊಂಡದ್ದಕ್ಕಿಂತ ತೀರಾ ಕಡಿಮೆ. ರಾತ್ರಿ ಒಟ್ಟುಮಾಡಿ ಸರಪಳಿ ಹಾಕಿದರೆ ಅದೂ ತಪ್ಪುತ್ತದೆ. ಹತ್ತು ಕುರ್ಚಿ ಇಟ್ಟು ಒಂದು ತಿಂಗಳು ನೋಡಿ, ಆಮೇಲೆ ನಿರ್ಧಾರ ಮಾಡಿ.

ಎತ್ತರದ ಬೇಲಿ, ಒಂದೇ ಗೇಟು ಇದ್ದರೆ ಸುರಕ್ಷಿತ ಅಲ್ವಾ?

ಹಾಗೆ ಅನಿಸುವುದು ಸಹಜ. ಆದರೆ ಅನುಭವ ಬೇರೆ ಹೇಳುತ್ತದೆ. ನ್ಯೂಯಾರ್ಕಿನ ಬ್ರಯಂಟ್ ಪಾರ್ಕ್ ಒಂದು ಕಾಲಕ್ಕೆ ಮಾದಕವಸ್ತು ಮಾರುವವರ ತಾಣವಾಗಿತ್ತು. ಪಾರ್ಕು ರಸ್ತೆಗಿಂತ ಎತ್ತರದಲ್ಲಿತ್ತು. ಸುತ್ತ ಕಬ್ಬಿಣದ ಬೇಲಿ, ದಟ್ಟವಾದ ಗಿಡದ ಸಾಲು. ಒಳಗೆ ಹೋಗುವ ದಾರಿ ಕಿರಿದು. ಒಳಗೆ ಏನು ನಡೆಯುತ್ತಿದೆ ಅಂತ ಹೊರಗಿನವರಿಗೆ ಕಾಣುತ್ತಿರಲಿಲ್ಲ. ಹಾಗಾಗಿ ಒಳ್ಳೆಯ ಜನ ಹೋಗಲು ಹೆದರಿದರು. ಅವರು ಹೋಗದ ಕಾರಣ ಕೆಟ್ಟ ವ್ಯವಹಾರಕ್ಕೆ ಇನ್ನಷ್ಟು ಅನುಕೂಲವಾಯಿತು.

1988ರಲ್ಲಿ ಪಾರ್ಕನ್ನು ಮುಚ್ಚಿ ಕೆಲಸ ಶುರು ಮಾಡಿದರು. ಗಿಡದ ಸಾಲು ತೆಗೆದರು, ದಾರಿಗಳನ್ನು ಅಗಲ ಮಾಡಿದರು, ಹೊಸ ದಾರಿ ತೆರೆದರು, ದೀಪ ಹಾಕಿದರು, ಬಿಡಿ ಕುರ್ಚಿಗಳನ್ನು ಇಟ್ಟರು. ಇದರಲ್ಲೂ ವೈಟ್ ಅವರ ಸಲಹೆ ಇತ್ತು. 1992ರಲ್ಲಿ ಮತ್ತೆ ತೆರೆದಾಗ ಜನ ತುಂಬಿಕೊಂಡರು. ಈಗ ಅದು ಆ ನಗರದ ಅತಿ ಹೆಚ್ಚು ಬಳಕೆಯ ಪಾರ್ಕುಗಳಲ್ಲಿ ಒಂದು.

ಬೀದಿಯ ಮೇಲಿನ ಕಣ್ಣುಗಳೇ ಬೀದಿಯನ್ನು ಕಾಯುತ್ತವೆ ಎಂದು ನಗರಗಳ ಬಗ್ಗೆ ಬರೆದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲೇ ವಾದಿಸಿದ್ದರು. ಪಾರ್ಕಿಗೂ ಅದೇ ಸಲ್ಲುತ್ತದೆ. ಸುತ್ತಲಿನ ಕಟ್ಟಡಗಳು ಪಾರ್ಕಿಗೆ ಬೆನ್ನು ತೋರಿಸದೆ ಕಿಟಕಿ, ಬಾಗಿಲು, ಅಂಗಡಿ ಮುಂಗಟ್ಟು ತೆರೆದಿದ್ದರೆ ಅದೇ ಕಾವಲು. ಗಿಡದ ಸಾಲು ಸೊಂಟದೆತ್ತರ ಮೀರದಿರಲಿ. ಮರದ ಕೆಳಗಿನ ಕೊಂಬೆಗಳು ತಲೆಗಿಂತ ಮೇಲಿರಲಿ. ಒಳಗೆ ಹೋಗಲು, ಹೊರಗೆ ಬರಲು ಎರಡಕ್ಕಿಂತ ಹೆಚ್ಚು ದಾರಿ ಇರಲಿ.

ದೀಪದ ಬಗ್ಗೆ ಒಂದು ಮಾತು. ಒಂದೇ ಎತ್ತರದ ಕಂಬದಿಂದ ಕಣ್ಣು ಕುಕ್ಕುವ ಬೆಳಕು ಹಾಕಿದರೆ ಅದರಾಚೆಯ ಕತ್ತಲೆ ಇನ್ನೂ ಗಾಢವಾಗಿ ಕಾಣುತ್ತದೆ. ಕಡಿಮೆ ಎತ್ತರದ ಹಲವು ದೀಪಗಳು, ಎಲ್ಲ ಕಡೆ ಸಮನಾದ ಬೆಳಕು, ಎದುರಿಗೆ ಬರುವವರ ಮುಖ ಗುರುತಿಸುವಷ್ಟು. ಅಷ್ಟು ಸಾಕು.

ನಮ್ಮ ಪಾರ್ಕಿನಲ್ಲಿ ಹೆಣ್ಣುಮಕ್ಕಳು ಕಾಣುವುದೇ ಇಲ್ಲ. ಯಾಕೆ?

ಇದು ಗಂಭೀರ ಲಕ್ಷಣ. ಹೆಣ್ಣುಮಕ್ಕಳು ಕಡಿಮೆ ಇರುವ ಚೌಕದಲ್ಲಿ ಏನೋ ಸರಿಯಿಲ್ಲ ಎಂದೇ ಅರ್ಥ ಮಾಡಿಕೊಳ್ಳಬೇಕು. ಕೂರುವ ಜಾಗ ಆರಿಸುವಾಗ ಅವರು ಹೆಚ್ಚು ಸೂಕ್ಷ್ಮವಾಗಿ ನೋಡುತ್ತಾರೆ.

ಆಸ್ಟ್ರಿಯಾದ ವಿಯೆನ್ನಾ ನಗರ 1990ರ ದಶಕದಲ್ಲಿ ಇದನ್ನು ಪರಿಶೀಲಿಸಿತು. ಒಂಬತ್ತು ವರ್ಷ ದಾಟಿದ ಮೇಲೆ ಹುಡುಗಿಯರು ಪಾರ್ಕಿಗೆ ಬರುವುದು ಗಣನೀಯವಾಗಿ ಇಳಿಯುತ್ತಿತ್ತು. ಹುಡುಗರ ಸಂಖ್ಯೆ ಹಾಗೆ ಇಳಿಯುತ್ತಿರಲಿಲ್ಲ. ಕಾರಣ ಹುಡುಕಿದರೆ, ಆಡುವ ಜಾಗವೆಲ್ಲ ಒಂದೇ ದೊಡ್ಡ ಅಂಗಳ. ಜೋರಾಗಿರುವವರು ಅದನ್ನು ಹಿಡಿದುಕೊಳ್ಳುತ್ತಿದ್ದರು. ಹುಡುಗಿಯರು ಜಗಳಕ್ಕೆ ನಿಲ್ಲದೆ ಸುಮ್ಮನೆ ಬಿಟ್ಟುಕೊಟ್ಟು ಹೋಗುತ್ತಿದ್ದರು. 1999ರಲ್ಲಿ ನಗರ ಎರಡು ಪಾರ್ಕುಗಳನ್ನು ಹೊಸದಾಗಿ ರೂಪಿಸಿತು. ದೊಡ್ಡ ಅಂಗಳವನ್ನು ಸಣ್ಣ ಸಣ್ಣ ಭಾಗ ಮಾಡಿದರು. ವಾಲಿಬಾಲ್, ಬ್ಯಾಡ್ಮಿಂಟನ್‌ಗೆ ಜಾಗ ಕೊಟ್ಟರು. ಓಡಾಡುವ ದಾರಿಗಳನ್ನು ಸುಧಾರಿಸಿದರು. ಹುಡುಗಿಯರು ಮರಳಿ ಬಂದರು. ಯಾರನ್ನೂ ಓಡಿಸಬೇಕಾಗಲಿಲ್ಲ.

ಶೌಚಾಲಯ ಅಷ್ಟು ಮುಖ್ಯವೇ?

ಹೌದು. ಶೌಚಾಲಯ ಇಲ್ಲದ ಪಾರ್ಕಿನಲ್ಲಿ ಸಕ್ಕರೆ ಕಾಯಿಲೆ ಇರುವವರು, ಗರ್ಭಿಣಿಯರು, ವಯಸ್ಸಾದವರು, ಸಣ್ಣ ಮಕ್ಕಳನ್ನು ಕರೆತಂದವರು ಅರ್ಧ ಗಂಟೆಗಿಂತ ಹೆಚ್ಚು ಇರಲಾರರು. ನೀರು ಕುಡಿಯುವುದನ್ನೇ ಬಿಟ್ಟು ಮನೆಯಿಂದ ಹೊರಡುವ ಹೆಂಗಸರು ಎಷ್ಟಿಲ್ಲ!

ಗಂಡಸರಿಗೂ ಹೆಂಗಸರಿಗೂ ಸಮನಾದ ಚದರಡಿ ಕೊಟ್ಟರೆ ಅದು ಸಮಾನತೆ ಅಲ್ಲ. ಹೆಂಗಸರಿಗೆ ಹೆಚ್ಚು ಸಮಯ ಬೇಕು, ಜೊತೆಗೆ ಅಷ್ಟೇ ಜಾಗದಲ್ಲಿ ಗಂಡಸರ ಕಡೆ ಹೆಚ್ಚು ಜನರಿಗೆ ವ್ಯವಸ್ಥೆ ಹಿಡಿಯುತ್ತದೆ. ಹಾಗಾಗಿ ಸರತಿ ಸಾಲು ಯಾವಾಗಲೂ ಒಂದೇ ಕಡೆ. ಹೆಂಗಸರ ಕಡೆ ಹೆಚ್ಚು ಕೋಣೆ ಬೇಕು. ಬಾಗಿಲು ಜನ ಓಡಾಡುವ ಕಡೆಗೆ ಇರಲಿ, ಹಿಂಬದಿಯ ಮೂಲೆಗಲ್ಲ. ಬಾಗಿಲಿಗೆ ಚಿಲಕ, ಒಳಗೆ ಬ್ಯಾಗು ತೂಗುಹಾಕಲು ಕೊಕ್ಕೆ, ಬಳಸಿದ ಪ್ಯಾಡು ಹಾಕಲು ಡಬ್ಬ, ಕೈತೊಳೆಯಲು ನೀರು. ಇವು ಇಲ್ಲದೆ ಬರೀ ಕಟ್ಟಡ ಕಟ್ಟಿ ಏನು ಪ್ರಯೋಜನ? ಪಕ್ಕದಲ್ಲೇ ಕುಡಿಯುವ ನೀರಿನ ನಲ್ಲಿ ಬೇಡ, ಅದು ಸ್ವಲ್ಪ ದೂರ ಇರಲಿ.

ಮರ ಎಷ್ಟು ಬೇಕು, ಎಂಥವು ಬೇಕು?

ಕಟ್ಟಡ, ಡಾಂಬರು, ಕಾಂಕ್ರೀಟು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಆ ಕಾವನ್ನು ಬಿಡುತ್ತವೆ. ಅದಕ್ಕೇ ನಗರದ ನಡುಭಾಗ ಸುತ್ತಲಿನ ಹಳ್ಳಿಗಳಿಗಿಂತ ಬಿಸಿ. ಮರ ಎರಡು ರೀತಿಯಲ್ಲಿ ತಂಪು ಮಾಡುತ್ತದೆ. ಒಂದು, ನೆರಳು ಬಿದ್ದಲ್ಲಿ ನೆಲ ಕಾಯುವುದಿಲ್ಲ. ಇನ್ನೊಂದು, ಬೇರಿನಿಂದ ಹೀರಿದ ನೀರು ಎಲೆಗಳಿಂದ ಆವಿಯಾಗುವಾಗ ಸುತ್ತಲಿನ ಗಾಳಿಯ ಶಾಖವನ್ನು ಎಳೆದುಕೊಳ್ಳುತ್ತದೆ. ಟಿನ್ ಶೀಟಿನ ಕೆಳಗೆ ನಿಂತರೂ ನೆರಳೇ, ಮರದ ಕೆಳಗೆ ನಿಂತರೂ ನೆರಳೇ. ಆದರೆ ಎರಡರ ವ್ಯತ್ಯಾಸ ಮೈಗೆ ಗೊತ್ತಾಗುತ್ತದೆ.

ನಗರದ ಮರಗಳ ಬಗ್ಗೆ ಕೆಲಸ ಮಾಡಿದ ಸೆಸಿಲ್ ಕೊನಿನೆಂಡೈಕ್ 2021ರಲ್ಲಿ 3-30-300 ಎಂಬ ಸೂತ್ರ ಮುಂದಿಟ್ಟರು. ಪ್ರತಿ ಮನೆಯಿಂದ ಕನಿಷ್ಠ 3 ಮರ ಕಾಣಬೇಕು. ಪ್ರತಿ ಬಡಾವಣೆಯಲ್ಲಿ ಶೇ 30ರಷ್ಟು ಜಾಗ ಮರಗಳ ನೆರಳಲ್ಲಿರಬೇಕು. 300 ಮೀಟರ್ ಒಳಗೆ ಒಂದು ಪಾರ್ಕು ಸಿಗಬೇಕು. ನೆನಪಿಡಲು ಸುಲಭ, ಕೇಳಲೂ ಸುಲಭ.

ಯಾವ ಜಾತಿ ಎಂಬುದು ನಿಮ್ಮ ಊರಿನ ಮಣ್ಣು, ಮಳೆ ನೋಡಿ ತೀರ್ಮಾನಿಸಬೇಕಾದ ವಿಷಯ. ಒಂದೇ ಜಾತಿಯನ್ನು ಸಾಲುಸಾಲು ನೆಡಬೇಡಿ. ರೋಗ ಬಂದರೆ ಎಲ್ಲ ಒಟ್ಟಿಗೆ ಹೋಗುತ್ತವೆ. ಯೂರೋಪ್, ಅಮೆರಿಕದ ಬೀದಿಗಳಲ್ಲಿ ಇಪ್ಪತ್ತನೇ ಶತಮಾನದಲ್ಲಿ ಎಲ್ಮ್ ಮರಗಳಿಗೆ ಆದದ್ದು ಇದೇ. ಒಂದು ಶಿಲೀಂಧ್ರ ರೋಗಕ್ಕೆ ಲಕ್ಷಗಟ್ಟಲೆ ಮರಗಳು ಬಲಿಯಾದವು.

ಮರ ಸಾಯುವುದು ಹೆಚ್ಚಾಗಿ ನೆಲದ ಕೆಳಗಿನ ಕಾರಣಕ್ಕೆ. ಬುಡದವರೆಗೆ ಕಾಂಕ್ರೀಟು ಹಾಕಿ ಬಿಗಿದರೆ ಬೇರಿಗೆ ಗಾಳಿಯೂ ಇಲ್ಲ, ನೀರೂ ಇಲ್ಲ. ಜನ ತುಳಿದು ತುಳಿದು ಮಣ್ಣು ಗಟ್ಟಿಯಾದರೂ ಅದೇ ಗತಿ. ಬುಡದ ಸುತ್ತ ಸಡಿಲ ಮಣ್ಣು ಬಿಡಿ, ಮೇಲೆ ಒಣ ಎಲೆ ಹರಡಿ. ಒಂದು ಹಳೆಯ ಮರ ಕಡಿದು ಹತ್ತು ಸಸಿ ನೆಡುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಆ ಹತ್ತು ಸಸಿ ಅಷ್ಟು ನೆರಳು ಕೊಡುವ ಹೊತ್ತಿಗೆ ಇಂದು ಅಲ್ಲಿ ಆಡುವ ಮಗುವಿಗೆ ಮಕ್ಕಳಾಗಿರುತ್ತವೆ.

'ಹುಲ್ಲು ತುಳಿಯಬೇಡಿ' ಬೋರ್ಡು ಸರಿಯೇ?

ಹೊಸ ಹುಲ್ಲು ಬೇರೂರುವ ತನಕ ಸರಿ. ಆಮೇಲೆ ಬೇಡ. ಜನ ಹುಲ್ಲಿನ ಮೇಲೆ ಅಡ್ಡ ಹಾಯ್ದು ಕಾಲುದಾರಿ ಮಾಡಿಕೊಂಡಿದ್ದರೆ ಅಲ್ಲಿ ನಿಜವಾಗಿ ದಾರಿ ಬೇಕಿತ್ತು ಎಂದರ್ಥ. ಬೇಲಿ ಹಾಕುವ ಬದಲು ಅಲ್ಲೇ ಕಲ್ಲು ಹಾಸಿ.

ಮಳೆಗಾಲದಲ್ಲಿ ಪಾರ್ಕು ಕೆರೆಯಾಗುತ್ತದೆ. ಏನು ಮಾಡಬೇಕು?

ಸ್ವಲ್ಪ ಹೊತ್ತು ಕೆರೆಯಾಗಲಿ, ತೊಂದರೆಯಿಲ್ಲ. ಆ ನೀರು ಪಾರ್ಕಿನಲ್ಲಿ ನಿಲ್ಲದಿದ್ದರೆ ಯಾರದೋ ನೆಲಮಹಡಿಗೆ ನುಗ್ಗುತ್ತದೆ. ನೆದರ್‌ಲ್ಯಾಂಡ್ಸಿನ ರಾಟರ್‌ಡ್ಯಾಮ್‌ನಲ್ಲಿ 2013ರಲ್ಲಿ ಬೆಂಥೆಮ್‌ಪ್ಲೇನ್ ಎಂಬ ಚೌಕ ಕಟ್ಟಿದರು. ಒಣ ದಿನಗಳಲ್ಲಿ ಅದು ಆಟದ ಅಂಗಳ, ಮೆಟ್ಟಿಲು ಮೆಟ್ಟಿಲಾಗಿ ಕೂರುವ ಜಾಗ. ಜೋರು ಮಳೆ ಬಂದರೆ ಅದೇ ತಗ್ಗಿನಲ್ಲಿ ನೀರು ನಿಂತು ನಿಧಾನವಾಗಿ ಇಳಿಯುತ್ತದೆ. ಸಣ್ಣ ಪಾರ್ಕಿನಲ್ಲೂ ನೆಲವನ್ನು ಗಿಡಗಳ ಪಾತಿಯ ಕಡೆಗೆ ಇಳಿಜಾರು ಮಾಡಬಹುದು. ಕಾಂಕ್ರೀಟು ಸುರಿಯುವ ಬದಲು ಸಂದು ಬಿಟ್ಟು ಕಲ್ಲು ಜೋಡಿಸಬಹುದು. ಓಡಾಡುವ ದಾರಿ ಮಾತ್ರ ಒಣಗಿರಬೇಕು.

ಬೀದಿಗೆ ವಾಹನ ಬಿಡದಿದ್ದರೆ ನಮ್ಮ ವ್ಯಾಪಾರದ ಗತಿ?

ಅಂಗಡಿಯವರು ಈ ಪ್ರಶ್ನೆ ಕೇಳುವಾಗ ಅವರ ಆತಂಕ ನಿಜವಾದದ್ದು. ಅದನ್ನು ತಳ್ಳಿಹಾಕಬಾರದು. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಸ್ಟ್ರೋಯೆಟ್ ಎಂಬ ಮುಖ್ಯ ಪೇಟೆಬೀದಿಯನ್ನು 1962ರಲ್ಲಿ ಪ್ರಯೋಗಕ್ಕೆಂದು ನಡೆಯುವವರಿಗೆ ಬಿಟ್ಟುಕೊಟ್ಟಾಗಲೂ ವ್ಯಾಪಾರಿಗಳು ಇದೇ ಕೇಳಿದರು. ನಮ್ಮ ಚಳಿ ಊರಿನಲ್ಲಿ ಬೀದಿಯಲ್ಲಿ ಯಾರು ಓಡಾಡುತ್ತಾರೆ ಎಂದರು. ಜನ ಓಡಾಡಿದರು. ಪ್ರಯೋಗ ಕಾಯಂ ಆಯಿತು. ಒಂದು ಕಿಲೋಮೀಟರಿಗೂ ಉದ್ದದ ಆ ಬೀದಿ ಇವತ್ತೂ ಹಾಗೇ ಇದೆ. ಯಾನ್ ಗೇಲ್ ಎಂಬ ವಾಸ್ತುಶಿಲ್ಪಿ ಅಲ್ಲಿ ನಿಂತು ಜನರನ್ನು ಎಣಿಸುತ್ತಲೇ ತಮ್ಮ ವೃತ್ತಿಯ ದಿಕ್ಕು ಕಂಡುಕೊಂಡರು.

2009ರಲ್ಲಿ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ ಕಾರುಗಳನ್ನು ತಡೆದಾಗ ಕೂರಲು ಏನೂ ಸಿದ್ಧವಿರಲಿಲ್ಲ. ಮಡಚುವ ಅಗ್ಗದ ಕುರ್ಚಿಗಳನ್ನು ತಂದು ರಸ್ತೆಯಲ್ಲೇ ಇಟ್ಟರು. ಜನ ಬಂದು ಕೂತರು. ಮರುವರ್ಷ ಅದು ಶಾಶ್ವತವಾಯಿತು. ದಕ್ಷಿಣ ಕೊರಿಯಾದ ಸಿಯೋಲ್ ಇನ್ನೂ ದೊಡ್ಡ ಹೆಜ್ಜೆ ಇಟ್ಟಿತು. ನಗರದ ನಡುವಿನ ಮೇಲ್ಸೇತುವೆ ರಸ್ತೆಯನ್ನೇ ಕೆಡವಿ, ಅದರ ಕೆಳಗೆ ಮುಚ್ಚಿಹೋಗಿದ್ದ ಚೊಂಗ್ಯೆಚೊನ್ ತೊರೆಯನ್ನು 2005ರಲ್ಲಿ ಮತ್ತೆ ತೆರೆಯಿತು. ಸುಮಾರು 6 ಕಿಲೋಮೀಟರ್ ಉದ್ದಕ್ಕೆ ಈಗ ಜನ ನೀರಿನ ಪಕ್ಕ ನಡೆಯುತ್ತಾರೆ. ನೀರನ್ನು ಪಂಪು ಮಾಡಿ ಹರಿಸಬೇಕಾಗುತ್ತದೆ, ಅದಕ್ಕೆ ಟೀಕೆಯೂ ಇದೆ. ಸುತ್ತಲಿನ ಹಳೆಯ ಸಣ್ಣ ವ್ಯಾಪಾರಿಗಳು ಜಾಗ ಬಿಡಬೇಕಾಯಿತು, ಅದನ್ನೂ ಮರೆಯಬಾರದು.

ನನ್ನ ಸಲಹೆ ಇಷ್ಟೇ: ಸಾಮಾನು ಇಳಿಸಲು ಬೆಳಗಿನ ಹೊತ್ತು ಬಿಡಿ, ತುರ್ತು ವಾಹನಕ್ಕೆ ದಾರಿ ಇಡಿ, ಮೊದಲು ಪ್ರಯೋಗ ಮಾಡಿ. ಪ್ರಯೋಗದ ಮುಂಚೆ ಮತ್ತು ಆಮೇಲೆ ಗಿರಾಕಿಗಳನ್ನು ಎಣಿಸುವ ಕೆಲಸವನ್ನು ಅಂಗಡಿಯವರಿಗೇ ವಹಿಸಿ. ತಾವೇ ಎಣಿಸಿದ ಲೆಕ್ಕವನ್ನು ಅವರು ನಂಬುತ್ತಾರೆ.

ಗಾಲಿಕುರ್ಚಿಯವರು, ಕಣ್ಣು ಕಾಣದವರು ಬಳಸುವಂತೆ ಮಾಡುವುದು ಹೇಗೆ?

ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು. ಒಂದು ಅಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದ. ಬೆಂಚಿನ ಪಕ್ಕದಲ್ಲಿ ಗಾಲಿಕುರ್ಚಿ ನಿಲ್ಲುವಷ್ಟು ಸಮತಟ್ಟು ಜಾಗ ಬೇಕು. ಆಗ ಗೆಳೆಯರ ಜೊತೆ ಸಾಲಿನಲ್ಲೇ ಕೂರಬಹುದು, ದಾರಿಯ ನಡುವೆ ನಿಲ್ಲಬೇಕಾಗಿಲ್ಲ.

ಬೈಕು ಒಳಗೆ ಬರಬಾರದೆಂದು ಗೇಟಿನಲ್ಲಿ ಸುತ್ತು ಬಳಸುವ ಕಬ್ಬಿಣದ ತಡೆ ಹಾಕುತ್ತಾರೆ. ಗಾಲಿಕುರ್ಚಿಯೂ ಅಲ್ಲೇ ನಿಲ್ಲುತ್ತದೆ, ಮಗುವಿನ ತಳ್ಳುಗಾಡಿಯೂ ನಿಲ್ಲುತ್ತದೆ. ಒಂದು ಕಡೆಯಾದರೂ ನೇರ ದಾರಿ ಬಿಡಲೇಬೇಕು.

ನೆಲದ ಮೇಲಿನ ಉಬ್ಬು ಗೆರೆ, ಉಬ್ಬು ಚುಕ್ಕೆಗಳ ಹಳದಿ ಹಾಸು ನೋಡಿರುತ್ತೀರಿ. ಅದನ್ನು 1965ರಲ್ಲಿ ಕಂಡುಹಿಡಿದವರು ಜಪಾನಿನ ಸೆಯಿಚಿ ಮಿಯಾಕೆ. 1967ರಲ್ಲಿ ಒಕಯಾಮಾ ನಗರದಲ್ಲಿ ಮೊದಲು ಹಾಕಿದರು. ಉದ್ದ ಗೆರೆ ಅಂದರೆ ಮುಂದೆ ಹೋಗಿ, ಚುಕ್ಕೆ ಅಂದರೆ ಎಚ್ಚರ, ನಿಲ್ಲಿ. ಹಲವು ಕಡೆ ಈ ಹಾಸು ನೇರ ಹೋಗಿ ಕಂಬಕ್ಕೋ ಮರಕ್ಕೋ ಡಿಕ್ಕಿ ಹೊಡೆಯುತ್ತದೆ. ಹಾಕುವವರಿಗೆ ಅದರ ಅರ್ಥ ಹೇಳಿಕೊಟ್ಟಿಲ್ಲ. ಕೆಲಸ ಮುಗಿಯುವ ಮುಂಚೆ ಕಣ್ಣು ಕಾಣದ ಒಬ್ಬರನ್ನು ಕರೆದು ನಡೆಸಿ ನೋಡುವುದೇ ಸರಿಯಾದ ಪರೀಕ್ಷೆ.

ಖಾಸಗಿ ಕಟ್ಟಡದ ಮುಂದಿನ ಬಯಲಿನಲ್ಲಿ ನಾವು ಕೂರಬಹುದೇ?

ಕೆಲವು ಊರುಗಳಲ್ಲಿ ಕೂರುವ ಹಕ್ಕೇ ಇರುತ್ತದೆ. ಹೆಚ್ಚುವರಿ ಮಹಡಿಗೆ ಬದಲಾಗಿ ಬಿಟ್ಟುಕೊಟ್ಟ ಬಯಲು ಜನರದ್ದು. ನ್ಯೂಯಾರ್ಕಿನಲ್ಲಿ ಇಂಥವು 500ಕ್ಕೂ ಹೆಚ್ಚಿವೆ. 2011ರಲ್ಲಿ ಪ್ರತಿಭಟನಾಕಾರರು ವಾರಗಟ್ಟಲೆ ಉಳಿದುಕೊಂಡ ಝುಕೋಟಿ ಪಾರ್ಕ್ ಇಂಥದ್ದೇ ಒಂದು. ಆದರೆ ಬೋರ್ಡು ಇಲ್ಲದಿದ್ದರೆ ಹಕ್ಕಿದೆ ಅಂತ ಯಾರಿಗೆ ಗೊತ್ತಾಗಬೇಕು? ನಿಮ್ಮ ಊರಿನಲ್ಲಿ ಇಂಥ ಒಪ್ಪಂದ ಇದ್ದರೆ 'ಇದು ಸಾರ್ವಜನಿಕರಿಗೆ ತೆರೆದಿದೆ, ಸಮಯ ಇಷ್ಟರಿಂದ ಇಷ್ಟು' ಎಂಬ ಬೋರ್ಡು ಕೇಳಿ ಹಾಕಿಸಿ.

ಮನೆ ಇಲ್ಲದವರು ಬೆಂಚಿನ ಮೇಲೆ ಮಲಗುತ್ತಾರೆ. ಅದನ್ನು ತಡೆಯುವುದು ಹೇಗೆ?

ಬೆಂಚಿನ ನಡುವೆ ಕಬ್ಬಿಣದ ಅಡ್ಡಪಟ್ಟಿ, ಕಟ್ಟೆಯ ಮೇಲೆ ಮೊಳೆ, ಓರೆಯಾದ ಆಸನ. ಇವನ್ನೆಲ್ಲ ಹಾಕಿಸಿದ ಊರುಗಳಿವೆ. ನನಗೆ ಇದು ಒಪ್ಪಿಗೆಯಿಲ್ಲ. ಮಲಗಿದವನಿಗೆ ಮನೆ ಸಿಗಲಿಲ್ಲ, ಪಕ್ಕದ ಬೀದಿಗೆ ಹೋದ ಅಷ್ಟೇ. ಬೆಂಚು ಮಾತ್ರ ಎಲ್ಲರಿಗೂ ಕೆಟ್ಟಿತು. ರಾತ್ರಿ ತಂಗುದಾಣ ಎಲ್ಲಿದೆ, ಅಲ್ಲಿ ಜಾಗ ಇದೆಯೇ, ಅಲ್ಲಿಗೆ ಕರೆದೊಯ್ಯುವವರು ಯಾರು ಎಂದು ಕೇಳಿ ಮುಟ್ಟಿಸುವುದು ಪಾರ್ಕಿನ ಕಾವಲುಗಾರನ ಕೆಲಸದ ಭಾಗವಾಗಬೇಕು. ಹಗಲು ಕೂತಿರುವವರ ಬಟ್ಟೆ ಮಾಸಿದೆ ಎಂಬ ಒಂದೇ ಕಾರಣಕ್ಕೆ ಎಬ್ಬಿಸುವುದಂತೂ ತಪ್ಪು. ಪಾರ್ಕು ಅವರದ್ದೂ ಹೌದು.

ತಿಂಡಿ ಗಾಡಿಗಳಿಗೆ ಅವಕಾಶ ಕೊಡಬೇಕೇ?

ಕೊಡಿ. ತಿನ್ನಲು ಏನಾದರೂ ಸಿಕ್ಕರೆ ಜನ ನಿಲ್ಲುತ್ತಾರೆ, ಗಾಡಿಯವರು ಇದ್ದಷ್ಟು ಹೊತ್ತು ಅವರ ಕಣ್ಣು ಪಾರ್ಕಿನ ಮೇಲಿರುತ್ತದೆ. ಜಾಗ ಗುರುತು ಮಾಡಿ, ದಾರಿಗೆ ಅಡ್ಡ ಬರದಿರಲಿ, ಕಸದ ಡಬ್ಬ ಹತ್ತಿರವೇ ಇರಲಿ. ಕೊಳ್ಳದವರೂ ಕೂರಲು ಬೆಂಚು ಉಳಿದಿರಬೇಕು.

ದುಡ್ಡಿಲ್ಲ. ಎಲ್ಲಿಂದ ಶುರು ಮಾಡುವುದು?

2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೆಲವರು ಕಾರು ನಿಲ್ಲಿಸುವ ಒಂದು ಜಾಗಕ್ಕೆ ಪಾರ್ಕಿಂಗ್ ಶುಲ್ಕದ ಮೀಟರಿನಲ್ಲಿ ಕಾಸು ಹಾಕಿದರು. ಕಾರು ನಿಲ್ಲಿಸಲಿಲ್ಲ. ಹುಲ್ಲು ಹಾಸಿ, ಒಂದು ಬೆಂಚು, ಕುಂಡದಲ್ಲಿ ಒಂದು ಮರ ಇಟ್ಟರು. ಎರಡು ಗಂಟೆ ಜನ ಬಂದು ಕೂತರು. ಸಮಯ ಮುಗಿದಾಗ ಎಲ್ಲ ಸುತ್ತಿಕೊಂಡು ಹೋದರು. ಅದೇ ಯೋಚನೆ ಬೇರೆ ಬೇರೆ ದೇಶಗಳಿಗೆ ಹರಡಿತು. ಕೊಲಂಬಿಯಾದ ಬೊಗೋಟಾದಲ್ಲಿ 1974ರಿಂದಲೇ ಭಾನುವಾರ ಮುಖ್ಯ ರಸ್ತೆಗಳಲ್ಲಿ ಕಾರು ತಡೆದು ಸೈಕಲ್ಲು, ನಡಿಗೆಗೆ ಬಿಡುವ ಪದ್ಧತಿ ಶುರುವಾಯಿತು. ಈಗ ಅದು 100 ಕಿಲೋಮೀಟರಿಗೂ ಹೆಚ್ಚು ಉದ್ದದ ರಸ್ತೆಗಳಿಗೆ ಹಬ್ಬಿದೆ. ಎರಡಕ್ಕೂ ಹೊಸ ನೆಲ ಬೇಕಾಗಲಿಲ್ಲ.

ಖರ್ಚು ಮಾಡುವ ಹಾಗಿದ್ದರೆ ಮೊದಲು ನಿರ್ವಹಣೆಯ ಹಣ ತೆಗೆದಿಡಿ. ಕಸ ಎತ್ತುವವರ ಸಂಬಳ, ಮುರಿದ ಹಲಗೆ ಬದಲಿಸಲು, ಕೆಟ್ಟ ಬಲ್ಬು ಹಾಕಲು ಪ್ರತಿ ವರ್ಷ ಬೇಕಾಗುವ ಮೊತ್ತ. ಉಳಿದದ್ದರಲ್ಲಿ ಕಟ್ಟಿ. ಉದ್ಘಾಟನೆಗೆ ಚಿಮ್ಮಿ ಆಮೇಲೆ ಒಣಗಿ ನಿಂತ ಕಾರಂಜಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆ ಹಣದಲ್ಲಿ ಹತ್ತು ವರ್ಷ ಮರಗಳಿಗೆ ನೀರು ಹಾಕಬಹುದಿತ್ತು.

ನಾನು ಒಬ್ಬ ಸಾಮಾನ್ಯ ನಿವಾಸಿ. ನನ್ನಿಂದ ಏನಾಗುತ್ತದೆ?

ನಿಮ್ಮ ಹತ್ತಿರದ ಚೌಕಕ್ಕೆ ಒಂದು ಪುಸ್ತಕ, ಪೆನ್ನು ಹಿಡಿದು ಹೋಗಿ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಒಂದೊಂದು ಗಂಟೆ ಕೂತು ಎಣಿಸಿ. ಎಷ್ಟು ಜನ ದಾಟಿ ಹೋದರು, ಎಷ್ಟು ಜನ ನಿಂತರು, ಎಷ್ಟು ಜನ ಕೂತರು. ಅವರಲ್ಲಿ ಹೆಂಗಸರೆಷ್ಟು, ಮಕ್ಕಳೆಷ್ಟು, ಕೋಲು ಹಿಡಿದವರೆಷ್ಟು. ನೆರಳು ಎಷ್ಟು ಹೊತ್ತಿಗೆ ಎಲ್ಲಿ ಬೀಳುತ್ತದೆ. ಯಾವ ಬೆಂಚು ಖಾಲಿ, ಯಾವ ಕಟ್ಟೆ ತುಂಬಿದೆ. ಒಂದು ಕೆಲಸದ ದಿನ, ಒಂದು ರಜೆಯ ದಿನ ಮಾಡಿದರೆ ಸಾಕು. 'ಪಾರ್ಕು ಚೆನ್ನಾಗಿಲ್ಲ' ಎಂದು ಬರೆದ ಅರ್ಜಿ ಕಡತದಲ್ಲಿ ಉಳಿಯುತ್ತದೆ. 'ಮಧ್ಯಾಹ್ನ ಒಂದರಿಂದ ಎರಡರವರೆಗೆ ಇಷ್ಟು ಜನ ದಾಟಿದರು, ಅವರಲ್ಲಿ ಕೂತವರು ಇಷ್ಟೇ, ಪೂರ್ವದ ಬೆಂಚುಗಳ ಮೇಲೆ ಆಗ ನೆರಳಿಲ್ಲ' ಎಂದು ಬರೆದರೆ ಯಾರಾದರೂ ಎದ್ದು ಬಂದು ನೋಡಲೇಬೇಕಾಗುತ್ತದೆ. ಅವರು ಬಂದಾಗ ಎರಡು ಬೆಂಚು ಎಲ್ಲಿಗೆ ಸರಿಸಬೇಕು ಎಂದು ತೋರಿಸಿ.